ಹಲ್ಲಿನ ಬಸ್ಸಿನ ಏಳು ನಿಮಿಷದ ಜನರೇಟರ್

ನಮ್ಮ ಮುರಿಗೆವ್ವನ ಕೆಳದವಡೆಯ ಎಡಗಡೆಯ, ಹಿಂದಿನಿಂದ ಎರಡನೆಯ ಹಲ್ಲು, ಸಾವಿರದ ಒಂಬೈನೂರ ತೊಂಬತ್ತೆಂಟನೆಯ ಇಸವಿಯ ಜನವರಿ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಸರ್ಕಾರಿ ಕಾಮಗಾರಿಯಾಯಿತು. ಅದಕ್ಕೂ ಮುಂಚೆ ನಲವತ್ತು ವರ್ಷ ಅದು ಅವಳ ಖಾಸಗಿ ಹಲ್ಲಾಗಿತ್ತು.

ಮುರಿಗೆವ್ವ ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ದಾಸನಕೊಪ್ಪದಲ್ಲಿ ನಮ್ಮ ಎರಡು ಮನೆಗಳ ನಡುವೆ ಒಂದೇ ಗೋಡೆ. ಆ ಕಡೆ ಅವಳು ಹುರಿದ ಹುಣಸೆಬೀಜ ಕಡಿದರೆ ಈ ಕಡೆ ನನಗೆ ಕೇಳುತ್ತಿತ್ತು. ಆ ವರ್ಷ ಎಂಟು ತಿಂಗಳು ಕೇಳಲಿಲ್ಲ. ಯಾಕೆ ಕೇಳಲಿಲ್ಲ ಎಂಬುದಕ್ಕೆ ಕಾಗದಪತ್ರಗಳಿವೆ. ಅವನ್ನೆಲ್ಲ ನಮ್ಮ ಮನೆಯ ಕಟ್ಟೆಯ ಮೇಲೆ ಕೂತೇ ಗಟ್ಟಿಯಾಗಿ ಓದಿದ್ದರಿಂದ ಅಕ್ಷರ ಬಾರದವರಿಗೂ ಬಾಯಿಪಾಠವಾಗಿವೆ. ಅವುಗಳಲ್ಲಿ ಇದ್ದ ಹಾಗೆಯೇ ಹೇಳುತ್ತೇನೆ.

ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲೂಕುಗಳ ಜನರ ಬಾಯಿಯನ್ನು ಒಟ್ಟಿಗೇ ಸುಧಾರಿಸುವ ಸದುದ್ದೇಶದಿಂದ ‘ಸಂಚಾರಿ ದಂತ ರಕ್ಷಣಾ ಯೋಜನೆ’ ಎಂಬುದೊಂದು ಜಾರಿಗೆ ಬಂತು. ಅದಕ್ಕೊಂದು ವಾಹನ ಬೇಕಿತ್ತು. ಜೋಗ ನೋಡಲು ಬಂದ ಪ್ರವಾಸಿಗರು ಒಳಗೇ ಉಂಡು ಒಳಗೇ ಮಲಗಲಿ ಎಂದು ಬೇರೆ ಯಾವುದೋ ಇಲಾಖೆ ಒಂದು ಮನೆಬಸ್ಸು ತರಿಸಿ ಇಟ್ಟುಕೊಂಡಿತ್ತು. ಅದರೊಳಗೆ ಎರಡು ಮಂಚ, ಒಂದು ಒಲೆ, ಕೈ ತೊಳೆಯುವ ತೊಟ್ಟಿ, ತಂಪು ಮಾಡುವ ಏಸಿ, ಇವಕ್ಕೆಲ್ಲ ಕರೆಂಟು ಕೊಡಲು ಹಿಂಭಾಗದಲ್ಲಿ ಒಂದು ಡೀಸೆಲ್ ಜನರೇಟರ್. ನಾಲ್ಕು ವರ್ಷದಲ್ಲಿ ಒಬ್ಬ ಪ್ರವಾಸಿಯೂ ಅದರಲ್ಲಿ ಮಲಗದೆ ಇದ್ದುದರಿಂದ ವಾಹನ ಹೊಸದಾಗಿಯೇ ಉಳಿದಿತ್ತು. ಒಂದು ಮಂಚ ಕಿತ್ತು ಅಲ್ಲಿ ಹಲ್ಲಿನ ಕುರ್ಚಿ ಕೂರಿಸಿದರು. ಇನ್ನೊಂದನ್ನು ಸಿಬ್ಬಂದಿಯ ವಿಶ್ರಾಂತಿಗೆ ಬಿಟ್ಟರು. ಜನ ಅದನ್ನು ಹಲ್ಲಿನ ಬಸ್ಸು ಎಂದರು.

ಉದ್ಘಾಟನೆ ಎಂದಮೇಲೆ ಕಲ್ಲು ಬೇಕು. ಕಲ್ಲಿಲ್ಲದಿದ್ದರೆ ಇದು ಉದ್ಘಾಟನೆಯಾಗಿದೆಯೋ ಇಲ್ಲವೋ ಎಂದು ನಾಳೆ ಯಾರಾದರೂ ಕೇಳಬಹುದು. ಮೂರೂ ತಾಲೂಕಿನ ಗಣ್ಯರ ಹೆಸರುಗಳು ಒಂದೇ ಅಳತೆಯ ಅಕ್ಷರದಲ್ಲಿ, ಒಂದೇ ಸಂಖ್ಯೆಯಲ್ಲಿ ಇರತಕ್ಕದ್ದು ಎಂದು ಮೊದಲೇ ಮಾತಾಗಿತ್ತು. ಹನ್ನೆರಡರಿಂದ ಶುರುವಾಯಿತು. ಸಿದ್ದಾಪುರದವರು ಒಬ್ಬರನ್ನು ಮರೆತಿದ್ದರಂತೆ, ಸೇರಿಸಿದರು. ಆಗ ಉಳಿದ ಎರಡು ತಾಲೂಕಿಗೆ ಒಂದೊಂದು ಕಡಿಮೆಯಾಯಿತು. ಅವರು ಸೇರಿಸುವಾಗ ಕೈತಪ್ಪಿ ಎರಡೆರಡು ಸೇರಿಸಿದರು. ಹೀಗೆ ಸರಿದೂಗಿಸುತ್ತ ಹೋಗಿ ನಲವತ್ತೆರಡಕ್ಕೆ ಮುಟ್ಟಿದಾಗ, ಇದಕ್ಕಿಂತ ದೊಡ್ಡ ಚಪ್ಪಡಿ ನನ್ನ ಹತ್ತಿರ ಇಲ್ಲ ಎಂದು ಕಲ್ಲು ಕೆತ್ತುವವನು ಹೇಳಿದ್ದರಿಂದ ನ್ಯಾಯ ಅಲ್ಲಿಗೆ ನಿಂತಿತು.

ಕಲ್ಲನ್ನು ಎಲ್ಲಿ ಕೂರಿಸುವುದು? ಬಸ್ಸಿನ ಬಲಗಡೆ ಬಾಗಿಲು, ಕಿಟಕಿ. ಹಿಂದೆ ಏಣಿ. ಎಡಗಡೆ ಮೇಲ್ಭಾಗದಲ್ಲಿ ನಗುತ್ತಿರುವ ಒಂದು ದೊಡ್ಡ ಹಲ್ಲಿನ ಚಿತ್ರ. ಅದು ಬೆಂಗಳೂರಿನಿಂದ ಮಂಜೂರಾಗಿ ಬಂದದ್ದು, ಮುಚ್ಚುವಂತಿಲ್ಲ. ಆ ಚಿತ್ರದ ಕೆಳಗೆ ಜನರೇಟರಿನ ತಗಡಿನ ಬಾಗಿಲಿತ್ತು. ಅದಕ್ಕೆ ಅಡುಗೆಮನೆಯ ಗವಾಕ್ಷಿಯ ಹಾಗೆ ಅಡ್ಡಡ್ಡ ಸೀಳುಗಳು. ಕಲ್ಲನ್ನು ಆ ಸೀಳುಗಳ ಮೇಲೆ ಕೂರಿಸಿ, ಕಬ್ಬಿಣದ ಪಟ್ಟಿ ಬಿಗಿದು, ಸುತ್ತಲ ಸಂದಿಗೆಲ್ಲ ಸಿಮೆಂಟು ಮೆತ್ತಿದರು. ಅಳತೆ ಎಷ್ಟು ಚೆಂದ ಕೂತಿತೆಂದರೆ, ಬಸ್ಸು ಮಾಡಿದವರು ಈ ಕಲ್ಲಿಗೆಂದೇ ಜಾಗ ಬಿಟ್ಟಿದ್ದಾರೆ ಎಂದು ಮೇಲ್ವಿಚಾರಕರು ಭಾಷಣದಲ್ಲಿ ಹೇಳಿದರು. ಮೇಲ್ವಿಚಾರಕರು ಎಂದರೆ ಶಿರಸಿಯಲ್ಲಿರುವ ಯೋಜನೆಯ ಸಂಯುಕ್ತ ಕಚೇರಿಯ ಮುಖ್ಯಸ್ಥರು. ಜನರೇಟರಿನ ಎಣ್ಣೆ ನೋಡಲು ಹಿಂದೆ ಏಣಿಯ ಕೆಳಗೆ ಕೈ ತೂರುವಷ್ಟು ಒಂದು ಕಿರುಬಾಗಿಲು ಉಳಿದಿತ್ತು, ಅದು ಸಾಕಾಯಿತು.

ಉದ್ಘಾಟನೆ ನಮ್ಮ ಮನೆಯ ಮುಂದಿನ ಬಯಲಿನಲ್ಲೇ ಆಯಿತು. ಮೊದಲ ರೋಗಿ ಯಾರು ಎಂದು ಯಾರೂ ಗೊತ್ತುಮಾಡಿರಲಿಲ್ಲ. ಫೋಟೋದವನಿಗೆ ತೆರೆದ ಬಾಯಿ ಒಂದು ಬೇಕಿತ್ತು. ಮುರಿಗೆವ್ವ ಎದುರಿಗೇ ನಿಂತು ಆಕಳಿಸಿದಳು. ಹಲ್ಲು ನೋವಿದೆಯೇ ಎಂದು ಕೇಳಿದರು. ದೀಪಾವಳಿಯಿಂದ ಒಂದು ಹಲ್ಲು ಸಿಹಿ ತಿಂದರೆ ಜುಮ್ ಎನ್ನುತ್ತದೆ, ಅಷ್ಟೇ, ಎಂದಳು. ಅಷ್ಟು ಸಾಕು ಎಂದು ಕುರ್ಚಿಗೆ ಕೂರಿಸಿದರು.

ಡಾಕ್ಟರ್ ಸುಹಾಸ ಅವರು ಹೆಗಡೆಕಟ್ಟಾ ಕಡೆಯವರು. ಸಣ್ಣ ವಯಸ್ಸು, ಮೆತ್ತಗಿನ ಮಾತು, ಕೈ ಬಹಳ ಹಗುರ. ಹತ್ತು ನಿಮಿಷದ ಕೆಲಸ ಎಂದು ಹೇಳಿ ಕೊರೆಯಲು ಶುರುಮಾಡಿದರು. ಏಳು ನಿಮಿಷಕ್ಕೆ ಜನರೇಟರ್ ಒಮ್ಮೆ ಕೆಮ್ಮಿ ನಿಂತಿತು. ದೀಪ ಆರಿತು, ಏಸಿ ನಿಂತಿತು, ಕೊರೆಯುವ ಯಂತ್ರ ಹಲ್ಲಿನೊಳಗೇ ಸುಮ್ಮನಾಯಿತು. ಸದ್ದು ನಿಂತದ್ದು ಕೇಳಿ, ಚಿಕಿತ್ಸೆ ಮುಗಿಯಿತೆಂದು ಹೊರಗೆ ನಲವತ್ತೆರಡು ಗಣ್ಯರು ಚಪ್ಪಾಳೆ ತಟ್ಟಿದರು.

ಮತ್ತೆ ಚಾಲೂ ಮಾಡುವುದು ಸುಲಭವಿತ್ತು. ಆದರೆ ನಿಯಮ ಒಂಬತ್ತು ಹೀಗಿದೆ: ಜನರೇಟರ್ ತಾನಾಗಿ ನಿಂತಲ್ಲಿ, ಅದು ಏಕೆ ನಿಂತಿತೆಂಬ ಬಗ್ಗೆ ಘಟನಾ ವರದಿಯನ್ನು ಮೂರು ಪ್ರತಿಗಳಲ್ಲಿ ಸಂಯುಕ್ತ ಕಚೇರಿಗೆ ಸಲ್ಲಿಸಿ, ಲಿಖಿತ ಅನುಮತಿ ಬಂದ ತರುವಾಯವೇ ಪುನಃ ಚಾಲೂ ಮಾಡತಕ್ಕದ್ದು. ಅನುಮತಿ ಅಂಚೆಯಲ್ಲಿ ಬರಲು ನಾಲ್ಕು ದಿನ. ಅಷ್ಟರಲ್ಲಿ ಬಸ್ಸು ಮುಂದಿನ ಮಂಗಳವಾರಕ್ಕೆ ಸಿದ್ದಾಪುರದ ಕಡೆ ಹೋಗಬೇಕು, ಅದರ ಮುಂದಿನ ಮಂಗಳವಾರ ಯಲ್ಲಾಪುರದ ಉಮ್ಮಚಗಿಗೆ, ಆಮೇಲೆ ನಮ್ಮಲ್ಲಿಗೆ. ಹೀಗೆ ಮೂರು ವಾರಕ್ಕೊಮ್ಮೆ ಏಳು ನಿಮಿಷ. ಡಾಕ್ಟರು ತೂತಿಗೆ ಹತ್ತಿ ತುರುಕಿ, ಮದ್ದು ಸವರಿ, ರಿಜಿಸ್ಟರಿನಲ್ಲಿ ಹಲ್ಲಿನ ಮುಂದೆ ‘ಕಾಮಗಾರಿ ಪ್ರಗತಿಯಲ್ಲಿದೆ’ ಎಂದು ಬರೆದರು. ಹಾಗೆ ಬರೆಯಲು ಅಲ್ಲಿ ಮೊದಲೇ ಅಚ್ಚಾದ ಕಲಮು ಇತ್ತು.

ಸಂಜೆಗೆ ಮರಗಟ್ಟಿದ್ದ ದವಡೆ ಎಚ್ಚರವಾಯಿತು. ಅಲ್ಲಿಯ ತನಕ ಜುಮ್ ಎನ್ನುತ್ತಿದ್ದ ಹಲ್ಲು ಈಗ ಬೇರೆಯೇ ಮಾತಾಡತೊಡಗಿತು.

‘ಯಕ್ಕಾ,’ ಅಂದಳು ಮುರಿಗೆವ್ವ, ಕೆನ್ನೆ ಹಿಡಿದುಕೊಂಡು ಬಂದು, ‘ಹಲ್ಲಿನ್ಯಾಗ ಯಾರೋ ಬಾವಿ ತೋಡಿ, ನೀರು ಬರೂಕಿಂತ ಮೊದ್ಲ ಗುದ್ದಲಿ ಅಲ್ಲೇ ಬಿಟ್ಟು ಹೋದಂಗ ಆಗೇತಿ.’

‘ಊರ ಮುಂದ ಆಕಳಿಸಾಕ ಹೇಳಿದ್ಯಾರು ನಿನಗ?’ ಅಂದೆ. ಅಂದಮೇಲೆ ಪಾಪ ಅನ್ನಿಸಿ ಲವಂಗದ ಎಣ್ಣೆ ಹಾಕಿದೆ.

ಎರಡನೆಯ ಭೇಟಿಗೆ ಬಂದಾಗ ಡ್ರೈವರ್ ಹೊನ್ನ ಕಾರಣ ಹುಡುಕಿಕೊಂಡೇ ಬಂದಿದ್ದ. ಡೀಸೆಲಿನ ಪೈಪಿನಲ್ಲಿ ಗಾಳಿ ಸೇರಿಕೊಂಡಿದೆ ಎಂದು ಅವನ ಅಂದಾಜು. ಕಿರುಬಾಗಿಲಿನಿಂದ ಕೈ ಹಾಕಿ ಗಾಳಿ ತೆಗೆದ. ಜನರೇಟರ್ ಖುಷಿಯಿಂದ ಶುರುವಾಗಿ ಏಳು ನಿಮಿಷಕ್ಕೆ ನಿಂತಿತು. ಕಚೇರಿಯವರು ಡೀಸೆಲ್ ಸೋಸುವ ಫಿಲ್ಟರ್ ಬದಲಿಸಿದರು, ಎಣ್ಣೆ ಬದಲಿಸಿದರು, ಬ್ಯಾಟರಿ ಬದಲಿಸಿದರು. ಇವೆಲ್ಲ ಒಬ್ಬನೇ ಗುತ್ತಿಗೆದಾರನಿಂದ ಬಂದವು. ಅವನು ಕಲ್ಲಿನ ಮೇಲೆ ಹದಿನೇಳನೆಯ ಹೆಸರಿನವರ ಅಳಿಯ. ಜನರೇಟರ್ ಹೊಸ ಬ್ಯಾಟರಿಯಿಂದ ಬೇಗ ಶುರುವಾಗುತ್ತಿತ್ತು, ಹೊಸ ಎಣ್ಣೆಯಿಂದ ನುಣ್ಣಗೆ ಓಡುತ್ತಿತ್ತು, ಏಳು ನಿಮಿಷಕ್ಕೆ ನಿಲ್ಲುತ್ತಿತ್ತು.

ಮೂರನೆಯ ಭೇಟಿಗೆ ತಾಂತ್ರಿಕ ಸಮಿತಿ ಬಂತು. ತಾಲೂಕಿಗೊಬ್ಬರಂತೆ ಮೂವರು. ಸಿದ್ದಾಪುರದವರು ಕೊಳವೆಬಾವಿಯ ತಜ್ಞರು. ಯಲ್ಲಾಪುರದವರು ತೂಕ ಅಳತೆ ಬಲ್ಲವರು. ಶಿರಸಿಯವರು ನಿವೃತ್ತರು. ಹೊರೆ ಹೆಚ್ಚಾಗಿ ಯಂತ್ರ ನಿಲ್ಲುತ್ತಿದೆ ಎಂದು ಅವರು ಒಮ್ಮತಕ್ಕೆ ಬಂದರು. ಹಾಗಾಗಿ ಏಸಿ ತೆಗೆದರು, ನಿಂತಿತು ಏಳು ನಿಮಿಷಕ್ಕೆ. ಅದೇ ದಿನ ಮತ್ತೆ ಚಾಲೂ ಮಾಡಲು ಸಮಿತಿಗೆ ಮಾತ್ರ ಅಧಿಕಾರವಿತ್ತು. ಅದು ಆರುವವರೆಗೆ ನಮ್ಮ ಮನೆಯಲ್ಲಿ ಉಪ್ಪಿಟ್ಟು ತಿಂದು, ದೀಪ ತೆಗೆದು ಶುರುಮಾಡಿದರು. ದೀಪವಿಲ್ಲದ ಕಾರಣ ನಾನು ಟಾರ್ಚು ಹಿಡಿದು ಮುರಿಗೆವ್ವನ ಬಾಯೊಳಗೆ ಬೆಳಕು ಬಿಟ್ಟೆ. ಏಳು ನಿಮಿಷಕ್ಕೆ ನಿಂತಿತು. ಊಟವಾದ ಮೇಲೆ ಕೊರೆಯುವ ಯಂತ್ರವನ್ನೂ ತೆಗೆದರು. ಈಗ ಜನರೇಟರಿಗೆ ಏನೂ ಕೆಲಸವಿಲ್ಲ, ಡಾಕ್ಟರಿಗೆ ಏನೂ ಕೆಲಸವಿಲ್ಲ, ಪರೀಕ್ಷೆ ಪೂರ್ಣವಾಗಲಿ ಎಂದು ಮುರಿಗೆವ್ವ ಮಾತ್ರ ಬಾಯಿ ತೆರೆದು ಕೂತಿದ್ದಳು. ಏಳು ನಿಮಿಷಕ್ಕೆ ನಿಂತಿತು.

ಸಮಿತಿಯ ವರದಿ ಎರಡು ಭಾಗದಲ್ಲಿದೆ. ಮೊದಲ ಭಾಗದ ಪ್ರಕಾರ ಯಂತ್ರವು ಹೊರೆ ಹೆಚ್ಚಾದ್ದರಿಂದ ನಿಂತಿದೆ. ಎರಡನೆಯ ಭಾಗದ ಪ್ರಕಾರ ಹೊರೆ ಇಲ್ಲದ್ದರಿಂದ ನಿಂತಿದೆ. ಎರಡನ್ನೂ ಸರ್ಕಾರ ಒಪ್ಪಿಕೊಂಡಿತು.

ಆ ದಿನ ಇನ್ನೊಂದು ಸಂಗತಿಯೂ ನಡೆಯಿತು. ನಮ್ಮ ಓಣಿಯ ದೇವಕ್ಕನಿಗೆ ಬಹಳ ವರ್ಷದ ಸೊಂಟನೋವು. ನೋಡಿ ನೋಡಿ ಸಾಕಾಗಿ ಅವಳು ಉದ್ಘಾಟನೆಯ ಕಲ್ಲಿಗೆ ಬೆನ್ನು ಆನಿಸಿ ನಿಂತಳು. ಕಲ್ಲು ರೊಟ್ಟಿಹಂಚಿನ ಹಾಗೆ ಹಿತವಾಗಿ ಕಾದಿತ್ತು. ಕಾಲು ಗಂಟೆ ನಿಂತು ಮನೆಗೆ ನೆಟ್ಟಗೆ ನಡೆದು ಹೋದಳು. ಮುಂದಿನ ಭೇಟಿಗೆ ಆರು ಸೊಂಟಗಳು ಬಂದವು, ಅದರ ಮುಂದಿನದಕ್ಕೆ ಹದಿನಾಲ್ಕು. ಗಣ್ಯರ ಹೆಸರಿನಲ್ಲಿ ಏನೋ ಶಕ್ತಿ ಇದೆ ಎಂದು ಜನ ಮಾತಾಡಿಕೊಂಡರು. ಯಾರ ಹೆಸರಿಗೆ ಬೆನ್ನು ಕೊಟ್ಟರೆ ಹೆಚ್ಚು ಗುಣ ಎಂಬ ಬಗ್ಗೆ ಸಣ್ಣ ವಾದವೂ ಇತ್ತು.

ನಾಲ್ಕನೆಯ ಭೇಟಿಗೆ ಸಮಿತಿ ರಸಮಟ್ಟ ತಂದಿತು. ಗೌಂಡಿಗಳು ಗೋಡೆ ನೋಡುವ, ಒಳಗೆ ಗುಳ್ಳೆ ಓಡಾಡುವ ಆ ಪಟ್ಟಿ. ಬಸ್ಸು ಎಡಕ್ಕೆ ನಾಲ್ಕು ಬೆರಳು ವಾಲಿರುವುದು ಕಂಡುಬಂತು. ಕಲ್ಲು ಎಡಗಡೆ ಇದ್ದದ್ದರಿಂದ ಹಾಗೆ ವಾಲುವುದು ನ್ಯಾಯವೇ. ವಾಲಿದ ಯಂತ್ರದಲ್ಲಿ ಎಣ್ಣೆ ಒಂದು ಕಡೆ ಸೇರಿ, ಎಣ್ಣೆ ಇಲ್ಲವೆಂದು ತಿಳಿದು ಯಂತ್ರ ಹೆದರಿ ನಿಲ್ಲುತ್ತದೆ ಎಂದು ತೂಕ ಬಲ್ಲವರು ಹೇಳಿದರು. ಬಲಗಡೆಗೂ ಅಷ್ಟೇ ಭಾರ ಹೇರಬೇಕಾಯಿತು. ಅಷ್ಟು ಹೊತ್ತಿಗೆ ಘಟನಾ ವರದಿಗಳು, ಅವುಗಳ ಪ್ರತಿಗಳು, ತಿದ್ದುಪಡಿಗೆಂದು ಮರಳಿ ಬಂದವು ಎಲ್ಲ ಸೇರಿ ಏಳು ಚೀಲವಾಗಿದ್ದವು. ಅವನ್ನು ಬಲಗಡೆ ಒಟ್ಟಿದಾಗ ರಸಮಟ್ಟದ ಗುಳ್ಳೆ ನಟ್ಟನಡುವೆ ಬಂದು ನಿಂತಿತು. ಎಲ್ಲರೂ ಅದನ್ನು ಇಣುಕಿ ನೋಡಿದರು. ಜನರೇಟರ್ ಏಳು ನಿಮಿಷಕ್ಕೆ, ಈ ಸಲ ಬಹಳ ಸಮತಟ್ಟಾಗಿ, ನಿಂತಿತು.

ಇತ್ತ ಮುರಿಗೆವ್ವ ಬಲದವಡೆಯಲ್ಲೇ ಅಗಿಯುತ್ತಿದ್ದಳು. ಆಮೇಲೆ ಅದೂ ಬಿಟ್ಟು ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನುಂಗತೊಡಗಿದಳು. ಮೂರು ವಾರಕ್ಕೊಮ್ಮೆ ಡಾಕ್ಟರು ಏಳು ನಿಮಿಷ ಕೊರೆಯುತ್ತಿದ್ದರು. ಅದರಲ್ಲಿ ಮೂರು ನಿಮಿಷ ಹಳೆಯ ಹತ್ತಿ ತೆಗೆಯಲು, ಮೂರು ನಿಮಿಷ ತೊಳೆಯಲು ಹೋಗಿ ಒಂದೇ ನಿಮಿಷ ಪ್ರಗತಿ ಆಗುತ್ತಿತ್ತು. ಆ ಮೂರು ವಾರದಲ್ಲಿ ಹುಳುಕು ಅದಕ್ಕಿಂತ ಹೆಚ್ಚು ಪ್ರಗತಿ ಮಾಡುತ್ತಿತ್ತು. ಅದಕ್ಕೆ ಜನರೇಟರ್ ಬೇಕಿರಲಿಲ್ಲ.

ಐದನೆಯ ಭೇಟಿಯ ದಿನ ನಾನೇ ಮೇಲ್ವಿಚಾರಕರನ್ನು ಕೇಳಿದೆ, ನಮ್ಮ ಮನೆಯಿಂದ ಒಂದು ವೈರು ಎಳೆದುಕೊಳ್ಳಿ, ನಮ್ಮಲ್ಲಿ ಕರೆಂಟು ಹಗಲೆಲ್ಲ ಇರುತ್ತದೆ, ಅವಳ ಹಲ್ಲೊಂದು ಮುಗಿಸಿಬಿಡಿ ಎಂದು.

ಅವರು ನಗಲಿಲ್ಲ, ಬೈಯಲಿಲ್ಲ. ‘ತಾಯಿ, ಇದು ಸಂಚಾರಿ ಘಟಕ,’ ಎಂದರು. ‘ನಿಮ್ಮ ಮನೆಗೆ ವೈರಿನಿಂದ ಕಟ್ಟಿಹಾಕಿದ ಮೇಲೆ ಇದು ಸಂಚಾರಿ ಹೇಗಾಗುತ್ತದೆ? ಸ್ಥಾವರ ಘಟಕವಾಗುತ್ತದೆ. ಸ್ಥಾವರ ಘಟಕಕ್ಕೆ ಪ್ರಯಾಣ ಭತ್ಯೆ ಇಲ್ಲ.’

ಆಗ ನನಗೆ ತಿಳಿಯಿತು. ಕಾಮಗಾರಿ ಮುಗಿಯದೆ ಬಸ್ಸು ಮತ್ತೆ ಮತ್ತೆ ಬಂದಷ್ಟೂ ಬಂದವರಿಗೆಲ್ಲ ಭತ್ಯೆ ಹುಟ್ಟುತ್ತದೆ. ಸಮಿತಿಯ ನಿವೃತ್ತರಿಗೂ ಹುಟ್ಟುತ್ತದೆ. ಒಂದೇ ಭೇಟಿಯಲ್ಲಿ ಮುಗಿಯುವ ಹಲ್ಲಿನಿಂದ ಯಾರಿಗೂ ಏನೂ ಇಲ್ಲ, ಹಲ್ಲಿನವರಿಗೆ ಬಿಟ್ಟು. ಡಾಕ್ಟರ್ ಸುಹಾಸ ಮಾತ್ರ ತಲೆ ಬಗ್ಗಿಸಿ ನಿಂತಿದ್ದರು. ಅವರು ಹೋಗುವಾಗ ಮೆಲ್ಲಗೆ, ‘ಎಂತ ಮಾಡೂದು ಅಮ್ಮ, ನಾನೂ ಅರ್ಜಿ ಬರ್ದಿದ್ದೇನೆ, ಅದೂ ಬಲಗಡೆ ಚೀಲದಲ್ಲೇ ಉಂಟು,’ ಎಂದರು.

ಮುರಿಗೆವ್ವನನ್ನು ಕರೆದುಕೊಂಡು ನಾನು ಶಿರಸಿ ಪೇಟೆಯ ಒಬ್ಬ ಖಾಸಗಿ ಹಲ್ಲಿನ ಡಾಕ್ಟರ ಹತ್ತಿರ ಹೋದೆ. ಅವರು ಬಾಯಿ ನೋಡಿದರು, ನಮ್ಮ ಕೈಯಲ್ಲಿದ್ದ ಕಾಮಗಾರಿ ಚೀಟಿ ನೋಡಿದರು, ಕೈ ತೊಳೆದುಕೊಂಡರು. ಸರ್ಕಾರ ಕೈಯಿಟ್ಟ ಹಲ್ಲಿಗೆ ತಾನು ಕೈಯಿಟ್ಟರೆ ನಾಳೆ ಅಂಗಡಿ ಮುಚ್ಚಿಸುತ್ತಾರೆ, ಅವರಿಂದ ಒಂದು ನಿರಾಕ್ಷೇಪಣಾ ಪತ್ರ ತನ್ನಿ, ಅರ್ಧ ಗಂಟೆಯಲ್ಲಿ ಮುಗಿಸುತ್ತೇನೆ ಎಂದರು. ಅರ್ಜಿ ಹಾಕಿದೆವು. ಮೂರು ವಾರಕ್ಕೆ ಉತ್ತರ ಬಂತು. ಅದು ಹೀಗಿತ್ತು:

‘ನಿರಾಕ್ಷೇಪಣಾ ಪತ್ರವನ್ನು ಕಾಮಗಾರಿ ಆರಂಭವಾಗದ ಹಲ್ಲುಗಳಿಗೆ ಹಾಗೂ ಕಾಮಗಾರಿ ಪೂರ್ಣಗೊಂಡ ಹಲ್ಲುಗಳಿಗೆ ಮಾತ್ರ ನೀಡಲು ಅವಕಾಶವಿರುತ್ತದೆ. ತಮ್ಮ ಹಲ್ಲು ಈ ಎರಡರಲ್ಲಿಯೂ ಬರುವುದಿಲ್ಲ. ಸದರಿ ಹಲ್ಲನ್ನು ಅನ್ಯರು ಮುಟ್ಟಿದಲ್ಲಿ ಒಂದೇ ಕಾಮಗಾರಿಯನ್ನು ಇಬ್ಬರಿಗೆ ವಹಿಸಿದಂತಾಗಿ ತಪಾಸಣೆಯಲ್ಲಿ ಆಕ್ಷೇಪಣೆ ಬರುವ ಸಂಭವವಿದೆ. ಆದ್ದರಿಂದ ತಾವು ಸದರಿ ಹಲ್ಲನ್ನು ಯಥಾಸ್ಥಿತಿಯಲ್ಲಿ ಕಾಪಾಡಿಕೊಂಡು, ಅದರಿಂದ ಅಗಿಯದೆ ಸಹಕರಿಸಬೇಕಾಗಿ ಕೋರಲಾಗಿದೆ.’

ಓದಿ ಮುಗಿಸಿದಾಗ ಮುರಿಗೆವ್ವ ಕೇಳಿದಳು, ‘ಹಲ್ಲು ಅವರದಾದ್ರ ನೋವು ಯಾಕ ನನಗ ಬಿಟ್ಟಾರ?’

ಆರನೆಯ ಭೇಟಿಯ ಹೊತ್ತಿಗೆ ಬೇಸಿಗೆ ಬಂದಿತ್ತು. ಬನವಾಸಿ ಕಡೆಯ ಮಧುಕೇಶ್ವರ ನಮ್ಮ ಗದ್ದೆಯ ಪಂಪ್‌ಸೆಟ್ ರಿಪೇರಿಗೆ ಬಂದಿದ್ದ. ಈ ಸುತ್ತಿನ ಹತ್ತು ಊರಿನ ಪಂಪುಗಳು ಅವನ ಕೈಯಲ್ಲೇ ಓಡುವುದು. ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಅವನು ಬಸ್ಸಿನ ಸದ್ದು ಕೇಳಿದ, ಅದು ನಿಲ್ಲುವುದನ್ನೂ ಕೇಳಿದ. ಎದ್ದು ಹೋಗಿ ಕಲ್ಲಿಗೆ ಆನಿಕೊಂಡಿದ್ದ ಸೊಂಟಗಳನ್ನು ಒಂದಿಷ್ಟು ಸರಿಸಿ ಅಂಗೈ ಇಟ್ಟು ನೋಡಿದ. ತಟಕ್ಕನೆ ಹಿಂದೆಗೆದ.

‘ಯವ್ವಾ, ಇದೇನೂ ಕೆಟ್ಟಿಲ್ರಿ,’ ಎಂದ. ‘ಎಂಜಿನ್ ಶಾಣ್ಯಾ ಐತಿ. ಗಾಳಿ ಹೊಕ್ಕು ಹೊರಬೀಳೂ ಸೀಳಿನ ಮ್ಯಾಲೆ ಕಲ್ಲು ಜಡದಾರ. ಉಸಿರುಗಟ್ಟಿ ಕಾದು, ಸುಟ್ಟುಹೋಗೂಕಿಂತ ಮೊದ್ಲ ತಾನ ಬಂದ್ ಆಗತೈತಿ. ಈ ಕಲ್ಲು ತೆಗದ್ರ ಸಂಜಿತನಕ ಓಡತೈತಿ.’

ಸುಮ್ಮನೆ ಹೇಳಿದ್ದಲ್ಲ ಎಂದು ತೋರಿಸಲು ಏಳನೆಯ ಭೇಟಿಗೆ ಅವನೇ ಮತ್ತೆ ಬಂದ. ಹಿಂದಿನ ಕಿರುಬಾಗಿಲು ತೆರೆಸಿ, ನನ್ನ ಕೈಗೆ ಮೊರ ಕೊಟ್ಟು 'ಬೀಸ್ರಿ' ಎಂದ. ನಾನು ಭತ್ತ ತೂರಿದ ಹಾಗೆ ಬೀಸಿದೆ. ಆ ದಿನ ಜನರೇಟರ್ ಒಂಬತ್ತು ನಿಮಿಷ ಓಡಿತು. ಒಳಗಿನಿಂದ ಡಾಕ್ಟರು, ಇನ್ನೂ ಬೀಸಿ ಅಮ್ಮ, ಇನ್ನೂ ಬೀಸಿ ಎನ್ನುತ್ತಿದ್ದರು. ನನ್ನ ರಟ್ಟೆ ಸೋತಿತು, ಯಂತ್ರವೂ ಸೋತಿತು. ಜನರೇಟರ್ ಎರಡು ನಿಮಿಷ ಅನಧಿಕೃತವಾಗಿ ಓಡಿದ ಬಗ್ಗೆ ಆ ಸಲದ ಘಟನಾ ವರದಿಯಲ್ಲಿ ವಿಷಾದ ವ್ಯಕ್ತಪಡಿಸಲಾಗಿದೆ. ಮಧುಕೇಶ್ವರನಿಗೆ, ತಾಂತ್ರಿಕ ಸಮಿತಿಯ ಸದಸ್ಯನಲ್ಲದೆಯೂ ಕಾರಣ ಕಂಡುಹಿಡಿದದ್ದೇಕೆ ಎಂದು ನೋಟೀಸು ಬಂತು.

ಆದರೂ ಮಾತು ಹೊರಬಿದ್ದಿತ್ತಾದ್ದರಿಂದ ಶಿರಸಿಯಲ್ಲಿ ಸಭೆ ಕರೆದರು. ನಾವಿಬ್ಬರೂ ಹೋಗಿದ್ದೆವು. ಕಲ್ಲು ತೆಗೆಯಬಹುದೇ ಎಂಬುದೊಂದೇ ವಿಷಯ. ಮೇಲ್ವಿಚಾರಕರು ನಿಯಮ ಓದಿದರು: ಕೆತ್ತಿದ ಹೆಸರನ್ನು ತೆಗೆಯಲು ಆಯಾ ಹೆಸರಿನವರ ಖುದ್ದು ಒಪ್ಪಿಗೆ ಬೇಕು. ನಲವತ್ತೆರಡು ಜನರಲ್ಲಿ ಮೂವತ್ತೊಂಬತ್ತು ಜನ, ತೆಗೆದು ಇನ್ನೂ ದೊಡ್ಡ ಕಲ್ಲಿನಲ್ಲಿ ಹಾಕುವುದಾದರೆ ಒಪ್ಪಿಗೆ ಎಂದರು. ಒಬ್ಬರು ಒಪ್ಪಲಿಲ್ಲ. ಇಬ್ಬರು ಅಷ್ಟರಲ್ಲಿ ತೀರಿಹೋಗಿದ್ದರು. ಅವರಿಗೂ ಪತ್ರ ಬರೆಯಲಾಗಿದೆ, ಉತ್ತರಕ್ಕಾಗಿ ಕಾಯಲಾಗುತ್ತಿದೆ ಎಂದು ತಿಳಿಸಲಾಯಿತು. ಹೆಸರುಗಳ ನಡುವೆ ನಾಲ್ಕು ತೂತು ಕೊರೆದರೆ ಸಾಕು ಎಂದು ಮಧುಕೇಶ್ವರ ಹೇಳಿ ಕಳಿಸಿದ್ದ. ನಾಲ್ಕನ್ನು ಮೂರು ತಾಲೂಕಿಗೆ ಸಮನಾಗಿ ಹಂಚಲು ಬಾರದ ಕಾರಣ ಅದು ಬಿದ್ದುಹೋಯಿತು.

ಆಮೇಲೆ ದೇವಕ್ಕ ಎದ್ದು ನಿಂತಳು. ಅವಳೂ ಸೇರಿ ಇಪ್ಪತ್ತೆರಡು ಜನ, ಎಲ್ಲರೂ ನೆಟ್ಟಗೆ. ಕಲ್ಲು ತೆಗೆದರೆ ನಮ್ಮ ಸೊಂಟದ ಗತಿ ಏನು ಎಂದು ಹೆಬ್ಬೆಟ್ಟೊತ್ತಿದ ಮನವಿ ಕೊಟ್ಟರು. ಯೋಜನೆ ಶುರುವಾದ ಮೇಲೆ ಅದರಿಂದ ಗುಣವಾದ ರೋಗಿಗಳ ಪಟ್ಟಿಯಲ್ಲಿ ಇದ್ದವರು ಆ ಇಪ್ಪತ್ತೆರಡು ಜನ ಮಾತ್ರ. ಹೀಗಾಗಿ ಅವರ ಮಾತಿಗೆ ತೂಕವಿತ್ತು. ನಾನು ದೇವಕ್ಕನ ಮುಖ ನೋಡಿದೆ. ಅವಳು ಮುರಿಗೆವ್ವನ ಮುಖ ಬಿಟ್ಟು ಬೇರೆಲ್ಲ ಕಡೆ ನೋಡುತ್ತಿದ್ದಳು.

ಮುರಿಗೆವ್ವನಿಗೆ ಮಾತಾಡಲು ಹೇಳಿದರು. ಆ ದಿನ ಅವಳ ಕೆನ್ನೆ ಕುಂಬಳಕಾಯಿಯಾಗಿತ್ತು, ಬಾಯಿ ಒಂದು ಬೆರಳಷ್ಟೂ ತೆರೆಯುತ್ತಿರಲಿಲ್ಲ. ಎದ್ದು ನಿಂತಳು, ಕಣ್ಣಲ್ಲಿ ನೀರು ತಂದುಕೊಂಡಳು, ಕೂತಳು. ‘ಫಲಾನುಭವಿಯು ಯಾವುದೇ ಆಕ್ಷೇಪಣೆ ಎತ್ತಲಿಲ್ಲ, ಭಾವುಕರಾಗಿದ್ದರು’ ಎಂದು ನಡಾವಳಿಯಲ್ಲಿ ಬರೆದುಕೊಂಡರು. ಜನರೇಟರಿನ ಸಹಜ ಓಟವು ಏಳು ನಿಮಿಷ ಎಂದು ಅಂಗೀಕರಿಸಿ, ಇನ್ನು ಮುಂದೆ ಅದು ಏಳು ನಿಮಿಷಕ್ಕೆ ನಿಂತಲ್ಲಿ ದೋಷವೆಂದು ಭಾವಿಸತಕ್ಕದ್ದಲ್ಲ ಎಂದು ಠರಾವು ಮಾಡಿ ಸಭೆ ಮುಗಿಸಿದರು. ದುರಸ್ತಿ ಯಶಸ್ವಿಯಾದ ಸಂತೋಷಕ್ಕೆ ಕೇಸರಿಬಾತು ಕೊಟ್ಟರು. ಮುರಿಗೆವ್ವನ ಪಾಲನ್ನು ನಾನು ತಿಂದೆ.

ಬಸ್ಸು ಬರುತ್ತಲೇ ಇತ್ತು. ಅವಳು ಹೋಗುತ್ತಲೇ ಇದ್ದಳು. ಹೋಗದಿದ್ದರೆ ಫಲಾನುಭವಿಯ ಅಸಹಕಾರವೆಂದು ಬರೆಯುತ್ತಾರೆ, ಬರೆದರೆ ನಿರಾಕ್ಷೇಪಣಾ ಪತ್ರ ಎಂದೂ ಸಿಗುವುದಿಲ್ಲ. ಸೀರೆ ಮೈಮೇಲೆ ನಿಲ್ಲದಷ್ಟು ಸೊರಗಿದ್ದಳು.

ಹನ್ನೆರಡನೆಯ ಭೇಟಿಯಲ್ಲಿ, ಆಗಸ್ಟ್ ಕೊನೆಯ ದಿನಗಳಲ್ಲಿ, ಡಾಕ್ಟರು ಕೊರೆಯುತ್ತಿದ್ದಾಗ ಜನರೇಟರ್ ಠರಾವಿನ ಪ್ರಕಾರ ನಿಂತಿತು. ನಾನು ಪಕ್ಕದಲ್ಲೇ ಇದ್ದೆ. ಡಾಕ್ಟರು ಹತ್ತಿ ಹುಡುಕುತ್ತಿದ್ದರು. ಮುರಿಗೆವ್ವ ಕುರ್ಚಿಯಲ್ಲೇ ನೆಟ್ಟಗೆ ಕೂತಳು. ಸೆರಗಿನ ತುದಿಯನ್ನು ಎರಡು ಬೆರಳಿಗೆ ಸುತ್ತಿ ಬಾಯೊಳಗೆ ಹಾಕಿದಳು. ಎಂಟು ತಿಂಗಳು ಕೊರೆಸಿಕೊಂಡ ಹಲ್ಲು ಅದು, ಒಸಡಿನಲ್ಲಿ ಅಳ್ಳಾಡುತ್ತಿತ್ತು. ಒಂದು ಸಲ ತಿರುವಿದಳು, ಒಂದು ಸಲ ಎಳೆದಳು. ಹಲ್ಲು ಬಂತು. ಅದನ್ನು ಸೆರಗಿನಲ್ಲಿ ಒರೆಸಿ ಡಾಕ್ಟರ ಅಂಗೈಯಲ್ಲಿಟ್ಟಳು.

‘ತಗೋರ್ರಿ, ನಿಮ್ಮ ಕಾಮಗಾರಿ,’ ಎಂದಳು. ‘ನಿಮಗ ತಿಳಿದಾಗ ಮುಗಸ್ರಿ. ನಾ ಮನಿಗೆ ಹೊಂಟೆ.’

ಆ ಸಂಜೆ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿ, ಮರುದಿನ ಮೆತ್ತಗಿನ ರೊಟ್ಟಿ ತಿಂದು, ವಾರ ಕಳೆದ ಮೇಲೆ ಒಂದು ಹುಣಸೆಬೀಜ ಬಾಯಿಗೆ ಹಾಕಿಕೊಂಡಳು. ಗೋಡೆಯ ಈ ಕಡೆ ನಾನು ಕೇಳಿಸಿಕೊಂಡೆ.

ಕಚೇರಿಯಲ್ಲಿ ಗಾಬರಿಯಾಯಿತು. ಪ್ರಗತಿಯಲ್ಲಿದ್ದ ಕಾಮಗಾರಿಯೊಂದು ಸ್ಥಳ ಬಿಟ್ಟು ಎದ್ದುಬಂದದ್ದು ಅದೇ ಮೊದಲು. ಮೂರೂ ತಾಲೂಕಿನ ಸಮಿತಿ ಎರಡು ದಿನ ನಿಯಮಗಳನ್ನು ಹಿಂದೆ ಮುಂದೆ ಓದಿತು. ಕೊನೆಗೆ ನಿವೃತ್ತರೇ ದಾರಿ ಕಂಡರು. ಹಲ್ಲಿಗೆ ಚಿಕಿತ್ಸೆ ನೀಡತಕ್ಕದ್ದು ಎಂದು ನಿಯಮದಲ್ಲಿದೆ; ಚಿಕಿತ್ಸೆಯ ವೇಳೆ ಹಲ್ಲಿನ ಜೊತೆ ಮನುಷ್ಯ ಹಾಜರಿರತಕ್ಕದ್ದು ಎಂದು ಎಲ್ಲಿಯೂ ಇಲ್ಲ. ಹಲ್ಲನ್ನು ಒಂದು ಡಬ್ಬಿಯಲ್ಲಿ ಭದ್ರಪಡಿಸಿ ಫಲಾನುಭವಿಯ ವಶಕ್ಕೆ ಕೊಟ್ಟರು. ಮೂರು ವಾರಕ್ಕೊಮ್ಮೆ ಡಬ್ಬಿಯನ್ನು ನಾನೇ ಒಯ್ದು ಕೊಡುತ್ತಿದ್ದೆ. ಕುರ್ಚಿಯ ಮೇಲೆ ದಿಂಬು, ದಿಂಬಿನ ಮೇಲೆ ಹಲ್ಲು. ಡಾಕ್ಟರ್ ಸುಹಾಸ ಅದಕ್ಕೆ ಮರಗಟ್ಟಿಸುವ ಸೂಜಿಯನ್ನೂ ಹಾಕುತ್ತಿದ್ದರು, ಯಾಕೆಂದರೆ ಆ ಕಲಮು ಖಾಲಿ ಬಿಡುವಂತಿಲ್ಲ.

ಕೆಲಸ ಚುರುಕಾಯಿತು. ಬಾಯಿ ಅಡ್ಡ ಬರುತ್ತಿರಲಿಲ್ಲ, ನಾಲಿಗೆ ಅಡ್ಡ ಬರುತ್ತಿರಲಿಲ್ಲ, ಉಗುಳುವುದಕ್ಕೆ ಹೊತ್ತು ಹೋಗುತ್ತಿರಲಿಲ್ಲ. ಎರಡೇ ಭೇಟಿಯಲ್ಲಿ ಕೊರೆದು, ಬೆಳ್ಳಿ ಬಣ್ಣದ ಸಿಮೆಂಟು ತುಂಬಿ, ಉಜ್ಜಿ ಹೊಳಪು ಕೊಟ್ಟರು. ದಸರೆಯ ಮುಂದಿನ ವಾರ ಮುರಿಗೆವ್ವನ ಹಲ್ಲು ಸಂಪೂರ್ಣ ಗುಣವಾಯಿತೆಂದು ಪ್ರಮಾಣಪತ್ರ ಬಂತು. ಬದುಕಿದ್ದ ನಲವತ್ತು ಗಣ್ಯರು ಸಮಾರಂಭಕ್ಕೆ ಬಂದರು. ಅವಳಿಗೆ ಶಾಲು ಹೊದಿಸಿ, ಹಲ್ಲಿಗೆ ಹೂ ಇಟ್ಟರು. ನಿರಾಕ್ಷೇಪಣಾ ಪತ್ರವೂ ಅದೇ ದಿನ ಕೈಗೆ ಬಂತು. ಬೇಕಾದ ಡಾಕ್ಟರಿಗೆ ಈ ಹಲ್ಲನ್ನು ತೋರಿಸಲು ಈಗ ತಮ್ಮ ಅಭ್ಯಂತರವಿಲ್ಲ ಎಂದು ಬರೆದಿತ್ತು.

ಇದನ್ನು ನೋಡಿದ ಜನರಿಗೆ ದಾರಿ ತಿಳಿಯಿತು. ಮುಂದಿನ ಮಂಗಳವಾರಗಳಲ್ಲಿ ಡಬ್ಬಿಗಳು ಬರತೊಡಗಿದವು. ಕುಂಕುಮದ ಡಬ್ಬಿ, ಸುಣ್ಣದ ಡಬ್ಬಿ, ವಿಭೂತಿಯ ಡಬ್ಬಿ. ಹಲ್ಲು ಮನೆಯಲ್ಲೇ ಕಿತ್ತುಕೊಂಡು, ಡಬ್ಬಿಯ ಮೇಲೆ ಹೆಸರು ಬರೆಸಿ, ಬಸ್ಸಿನ ಮುಂದೆ ಸಾಲಾಗಿ ಇಟ್ಟು ಜನ ಕೆಲಸಕ್ಕೆ ಹೋಗುತ್ತಿದ್ದರು. ಏಳು ನಿಮಿಷದಲ್ಲಿ ಡಾಕ್ಟರು ನಾಲ್ಕು ಹಲ್ಲು ಮುಗಿಸುತ್ತಿದ್ದರು. ಸಿದ್ದಾಪುರದಲ್ಲೂ ಹಾಗೆ, ಉಮ್ಮಚಗಿಯಲ್ಲೂ ಹಾಗೆ. ಇಷ್ಟು ಶಿಸ್ತಿನ ರೋಗಿಗಳು ಬೇರೆ ಜಿಲ್ಲೆಯಲ್ಲಿಲ್ಲ ಎಂದು ನೋಡಲು ಬಂದವರು ಹೊಗಳಿ ಹೋದರು. ದೇವಕ್ಕನೂ ತನ್ನ ಡಬ್ಬಿ ಸಾಲಿನಲ್ಲಿಟ್ಟು, ಅದರ ಸರದಿ ಬರುವ ತನಕ ಬೆನ್ನು ಕಾಸಿಕೊಳ್ಳುತ್ತಿದ್ದಳು.

ಮುಂದಿನ ಯುಗಾದಿ ಕಳೆದ ಮೇಲೆ ಒಂದು ಸೋಮವಾರ ಗೋಡೆಯ ಆ ಕಡೆ ಹುಣಸೆಬೀಜದ ಸದ್ದು ಮತ್ತೆ ನಿಂತಿತು. ಸ್ವಲ್ಪ ಹೊತ್ತಿಗೆ ಮುರಿಗೆವ್ವನೇ ಬಂದಳು, ಬಲಗೆನ್ನೆ ಹಿಡಿದುಕೊಂಡು.

‘ಯಕ್ಕಾ, ಒಂದು ಸಣ್ಣ ಡಬ್ಬಿ ಇದ್ರ ಕೊಡು,’ ಎಂದಳು. ‘ನಾಳೆ ಮಂಗಳವಾರ.’

ಕುಂಕುಮದ್ದು ಕೊಟ್ಟೆ. ಮುಚ್ಚಳ ತಿರುವಿ ನೋಡಿ, ಸಡಿಲಾಗೇತಿ, ಬ್ಯಾರೇದು ಕೊಡು ಎಂದಳು. ಕೊಟ್ಟೆ.